ಒಂದು ಕೊಂಬೆ, ಮೂರು ಬೋಗುಣಿ

ಸಕಲೇಶಪುರ ದಾಟಿ ಹೆದ್ದಾರಿ ಬಿಟ್ಟ ಮೇಲೆ ಒಂದಷ್ಟು ದೂರ ಕಾಫಿ ಹಣ್ಣಿನ ಹುಳಿ ವಾಸನೆಯೇ ಜೊತೆಗಿತ್ತು. ಫೆಬ್ರುವರಿ ಮೊದಲ ವಾರ. ಅರೇಬಿಕಾ ಮುಗಿದು ರೊಬಸ್ಟಾ ಕೊಯ್ಲು ನಡೆಯುತ್ತಿತ್ತು, ಕಣಗಳೆಲ್ಲ ತುಂಬಿದ್ದವು. ಕೊನೆಯ ತಿರುವಿನಲ್ಲಿ ಆ ವಾಸನೆಯೊಳಗೆ ಇನ್ನೊಂದು ಸೇರಿಕೊಂಡಿತು, ಹಸಿ ಹಲಸಿನ ಮರ ಕೊಯ್ದಾಗ ಬರುವ ಮಂದ ಸಿಹಿ ವಾಸನೆ. ಅದರ ಜಾಡು ಹಿಡಿದೇ ಶೆಡ್ಡು ತಲುಪಿದೆ.

ಹಿಂದೆ ಕಾಫಿ ಮೂಟೆ ಇಡುತ್ತಿದ್ದ ಗೋದಾಮು ಅದು. ತಗಡಿನ ಮಾಡು, ನಡುವೆ ಕಬ್ಬಿಣದ ಲೇತ್. ನೆಲ ಕಾಣದಷ್ಟು ಮರದ ಸುರುಳಿ: ಅರಿಸಿನ ಬಣ್ಣದ್ದು, ಒದ್ದೆಯದ್ದು, ಪಾದಕ್ಕೆ ತಣ್ಣಗೆ ತಾಗುವಂಥದ್ದು. ಇಲ್ಲಿ ಕೆಲಸ ಮಾಡುವವರನ್ನು ಸುತ್ತಲಿನವರು ಮೇಸ್ತ್ರಿ ಎನ್ನುತ್ತಾರೆ. "ಹೆಸರು ಯಾಕೆ ಸಾರ್, ಕೆಲಸ ಬರೀರಿ" ಎಂದರು. ಹಾಗಾಗಿ ನಾನೂ ಮೇಸ್ತ್ರಿ ಎಂದೇ ಬರೆಯುತ್ತೇನೆ. ಊರು ಚನ್ನಪಟ್ಟಣ. ಹೆಂಡತಿಯ ತವರು ಈ ಕಡೆಯದು.

ಮೂಲೆಯಲ್ಲಿ ಒದ್ದೆ ಗೋಣಿ ಹೊದಿಸಿದ ಗುಡ್ಡೆ. ಗೋಣಿ ಸರಿಸಿದರು. ಉದ್ದಕ್ಕೆ ಎರಡಾಗಿ ಸೀಳಿದ ಹಲಸಿನ ಕೊರಡುಗಳು, ಒಂದೊಂದೂ ಅಡಿಗಿಂತ ಸ್ವಲ್ಪ ಹೆಚ್ಚು ಉದ್ದ, ಎರಡೂ ತುದಿಗೆ ಮೇಣ ಬಳಿದವು. ಮರ ಎಳೆಯ ತುದಿಯಿಂದಲೇ ಬೇಗ ನೀರು ಬಿಡುತ್ತದೆ, ಬೇಗ ಒಣಗಿದ ಕಡೆ ಸೀಳುತ್ತದೆ; ಮೇಣ ಆ ಬಾಯಿ ಮುಚ್ಚುತ್ತದೆ. ಸೀಳಿದ ಹಳದಿ ಮುಖದ ಮೇಲೆ ಸೀಮೆಸುಣ್ಣದ ಬರಹ. ಒಂದರಲ್ಲಿ "ಅಮ್ಮ, ಮರಿಗೆ". ಇನ್ನೊಂದರಲ್ಲಿ "ಅಣ್ಣ, ತೊಗಟೆ ಇರಲಿ". ಮೂರನೆಯದರಲ್ಲಿ "ತಂಗಿ, ತೊಗಟೆ ಬೇಡ, ಹಗ್ಗದ ಗುರುತು ಬೇಕು".

ನಾನು ಬಂದದ್ದು ತೊಗಟೆ ಅಂಚಿನ ಬೋಗುಣಿ ಕಡೆಯುವುದನ್ನು ನೋಡಲು. ಪೇಟೆಯಲ್ಲಿ ನ್ಯಾಚುರಲ್ ಎಡ್ಜ್ ಎನ್ನುತ್ತಾರೆ: ಬಾಯಿಯ ಅಂಚನ್ನು ಉಳಿಯಿಂದ ಸಮ ಮಾಡದೆ, ಮರದ ಹೊರಮೈ ಎಲ್ಲಿಗೆ ಮುಗಿಯಿತೋ ಅಲ್ಲಿಗೇ ಬೋಗುಣಿಯನ್ನೂ ಮುಗಿಸುವುದು. ಆದರೆ ಆ ಮೂರು ಸಾಲು ಓದಿದ ಮೇಲೆ, ಕಡೆಯುವ ಕೆಲಸಕ್ಕಿಂತ ಅದರ ಹಿಂದಿನ ಕೆಲಸ ದೊಡ್ಡದು ಅನ್ನಿಸಿತು. ಲೇತ್ ತಿರುಗುವ ಮೊದಲೇ, ಗರಗಸ ಎಲ್ಲಿಗೆ ಇಡಬೇಕು ಎನ್ನುವಲ್ಲೇ ಗಿರಾಕಿಯ ರುಚಿಗೆ ಜಾಗ ಮಾಡಿಕೊಡಬೇಕು. ಆಮೇಲೆ ಎಷ್ಟು ಹೊಳಪು ಕೊಟ್ಟರೂ ತಪ್ಪು ಜಾಗದಲ್ಲಿ ಕುಯ್ದ ತುಂಡು ಅವರದಾಗುವುದಿಲ್ಲ.

ಆ ಕೊರಡುಗಳೆಲ್ಲ ಒಂದೇ ಕೊಂಬೆಯವು. ಕೊಂಬೆಯ ಕಥೆ ಇಷ್ಟು. ಎರಡು ತೋಟ ಆಚೆ ಒಂದು ಮನೆ. ಅಂಗಳದ ಹಲಸು ಕಳೆದ ಮಳೆಗಾಲದಲ್ಲಿ ಮನೆಯ ಕಡೆಗೆ ವಾಲಿತು. ಅನುಮತಿ ಪಡೆದು ಡಿಸೆಂಬರಿನಲ್ಲಿ ಕಡಿಸಿದರು. ದೊಡ್ಡ ಬೊಡ್ಡೆ ಬಾಗಿಲಿಗೆ, ಹಲಗೆಗೆ ಹೋಯಿತು. ಅಡ್ಡಕ್ಕೆ ಚಾಚಿದ್ದ ಒಂದು ಕೊಂಬೆಯನ್ನು ಮಾತ್ರ ಯಾರೂ ಸೌದೆಗೆ ಹಾಕಲು ಒಪ್ಪಲಿಲ್ಲ. ಇಬ್ಬರು ಮಕ್ಕಳು ಜೋಕಾಲಿ ಆಡಿದ ಕೊಂಬೆ ಅದು. ಎರಡು ಹಗ್ಗ ಉಜ್ಜಿ ಉಜ್ಜಿ ತೊಗಟೆಯಲ್ಲಿ ಎರಡು ಪಟ್ಟಿ ಇಳಿದಿದ್ದವು. ಮರ ಅದರ ಎರಡೂ ಮಗ್ಗುಲಲ್ಲಿ ದಪ್ಪಗೆ ಬೆಳೆದು, ಗಾಯವನ್ನು ತುಟಿಯಂತೆ ಕಚ್ಚಿಕೊಂಡಿತ್ತು. ಅಣ್ಣ ಈಗ ಮನೆಯಲ್ಲೇ ಹೋಮ್‌ಸ್ಟೇ ನಡೆಸುತ್ತಾರೆ. ತಂಗಿ ಮೆಲ್ಬರ್ನ್‌ನಲ್ಲಿದ್ದಾರೆ, ಮಾರ್ಚಿನಲ್ಲಿ ಬಂದು ಹೋಗುತ್ತಾರೆ. ಅಮ್ಮನಿಗೆ ಎಪ್ಪತ್ತು ದಾಟಿದೆ.

ಡಿಸೆಂಬರ್ ಎಂಬುದು ಇಲ್ಲಿ ಮುಖ್ಯ. ಮಳೆಗಾಲದಲ್ಲಿ ಮರದ ರಸ ಏರುತ್ತಿರುತ್ತದೆ, ತೊಗಟೆಗೂ ಮರಕ್ಕೂ ನಡುವಿನ ಪದರ ಲೋಳೆಯಂತಿರುತ್ತದೆ. ಆಗ ಕಡಿದ ಮರದ ತೊಗಟೆ ಬಾಳೆಸಿಪ್ಪೆಯಂತೆ ಕಳಚುತ್ತದೆ. ಚಳಿಯ ಒಣ ದಿನಗಳಲ್ಲಿ ಕಡಿದದ್ದು ಹಿಡಿದು ನಿಲ್ಲುತ್ತದೆ. ಅಮಾವಾಸ್ಯೆಯ ಹತ್ತಿರ ಕಡಿದರೆ ಕುಟ್ಟೆ ಹಿಡಿಯುವುದಿಲ್ಲ ಎಂಬ ನಂಬಿಕೆಯೂ ಈ ಕಡೆ ಇದೆ. ಮೇಸ್ತ್ರಿ ಅದನ್ನು ಅಲ್ಲಗಳೆಯಲಿಲ್ಲ, ಹೌದೆನ್ನಲೂ ಇಲ್ಲ. ತಿಂಗಳನ್ನು ಮಾತ್ರ ಕೇಳುತ್ತೇನೆ ಎಂದರು.

ನಾಡಹೆಂಚು ನೋಡಿದವರಿಗೆ ಈ ಬೋಗುಣಿಯ ಆಕಾರ ಹೇಳುವುದು ಸುಲಭ. ಅರ್ಧ ಕೊರಡು ಮಗುಚಿಟ್ಟ ನಾಡಹೆಂಚಿನ ಹಾಗೆ ಬೆನ್ನು ಮೇಲಾಗಿ ಕೂರುತ್ತದೆ. ಆ ಬೆನ್ನಿನ ಮೇಲೆ ಮೇಲಿನಿಂದ ಒಂದು ದುಂಡು ಕೊರೆದರೆ, ದುಂಡಿನ ಅಂಚು ಒಂದೇ ಮಟ್ಟದಲ್ಲಿರುವುದಿಲ್ಲ. ಕೊರಡಿನ ಉದ್ದದ ಎರಡು ತುದಿಗಳಲ್ಲಿ ಏರುತ್ತದೆ, ಎರಡು ಮಗ್ಗುಲಲ್ಲಿ ಇಳಿಯುತ್ತದೆ. ಆ ಏರಿಳಿತವೇ ತೊಗಟೆ ಅಂಚಿನ ಬೋಗುಣಿಯ ಬಾಯಿ. ತೊಗಟೆ ಮೇಲೆ, ಮರದ ತಿರುಳಿನ ಕಡೆ ಕೆಳಗೆ. ಮಾಮೂಲಿ ಬೋಗುಣಿಗೆ ಇದು ತಿರುವುಮುರುವು: ಅಲ್ಲಿ ಸೀಳಿದ ಚಪ್ಪಟೆ ಮುಖ ಬಾಯಾಗುತ್ತದೆ, ತೊಗಟೆಯ ಬೆನ್ನು ಕಡೆದು ಹೋಗಿ ತಳವಾಗುತ್ತದೆ. ಅಮ್ಮನ ಮರಿಗೆ ಆ ಬಗೆಯದು. ಒಂದೇ ಕೊಂಬೆಯ ಮೂರು ತುಂಡುಗಳಲ್ಲಿ ಎರಡು ಬೆನ್ನು ಮೇಲಾಗಿ, ಒಂದು ಬೆನ್ನು ಕೆಳಗಾಗಿ ಲೇತಿಗೆ ಏರುತ್ತವೆ.

ಹಗ್ಗದ ಗುರುತಿನ ಲೆಕ್ಕ ಇನ್ನೂ ಸೂಕ್ಷ್ಮ. ಯಾರಾದರೂ ಗುರುತು ತುಂಡಿನ ನಟ್ಟನಡುವೆ ಬರಲಿ ಎಂದೇ ಕುಯ್ಯುತ್ತಾರೆ. ಹಾಗೆ ಮಾಡಿದರೆ ನಡುವಿನದ್ದೆಲ್ಲ ತೋಡುವಾಗ ಹೋಗುತ್ತದೆ; ಉಳಿಯುವ ಚೂರು ಎರಡು ಮಗ್ಗುಲ ತಗ್ಗಿನಲ್ಲಿ ಬರುತ್ತದೆ. ತಗ್ಗಿನೊಳಗಿನ ತಗ್ಗು ಯಾರ ಕಣ್ಣಿಗೂ ಬೀಳುವುದಿಲ್ಲ. ಮೇಸ್ತ್ರಿ ಗುರುತು ತುಂಡಿನ ಒಂದು ತುದಿಗೆ ಬರುವ ಹಾಗೆ ಕುಯ್ದು, ವೃತ್ತ ಎಳೆಯುವಾಗ ಅದರ ಗೆರೆ ಪಟ್ಟಿಯ ಮೇಲೇ ಹಾದುಹೋಗುವಂತೆ ಕೈವಾರ ಇಟ್ಟಿದ್ದರು. ಹೀಗಾದರೆ ಅಂಚು ಅತಿ ಎತ್ತರಕ್ಕೆ ಏರುವ ಜಾಗದಲ್ಲೇ ಒಂದು ಇಳಿತ ಬರುತ್ತದೆ, ಎತ್ತಿನ ಹೆಗಲ ಮೇಲೆ ನೊಗ ಕೂತ ಜಾಗದ ಹಾಗೆ. ಎರಡು ಹಗ್ಗ, ಎರಡು ತುಂಡು. ಒಂದು ಅಣ್ಣನಿಗೆ, ಒಂದು ತಂಗಿಗೆ. ಹಗ್ಗದ ಭಾರ ಬಿದ್ದದ್ದು ಕೊಂಬೆಯ ಬೆನ್ನಿನ ಮೇಲಾದ್ದರಿಂದ ಮೇಲಿನ ಅರ್ಧಗಳನ್ನು ಅವರಿಬ್ಬರಿಗೆ ಇಟ್ಟು, ಕೆಳಗಿನ ಅರ್ಧದಲ್ಲಿ ಒಳ್ಳೆಯದೊಂದನ್ನು ಅಮ್ಮನಿಗೆ ತೆಗೆದಿದ್ದರು.

ಕೊಂಬೆಯ ಮರಕ್ಕೆ ಒಂದು ಗುಣವಿದೆ, ಅದನ್ನು ಮೇಸ್ತ್ರಿ ಆ ಮನೆಯವರಿಗೆ ಮೊದಲೇ ಹೇಳಿದ್ದರು. ಅಡ್ಡಕ್ಕೆ ಚಾಚಿದ ಕೊಂಬೆ ತನ್ನ ಭಾರ ತಾನೇ ಹೊರಲು ಮೇಲುಭಾಗದಲ್ಲಿ ಬಿಗಿದ ಎಳೆ ಬೆಳೆಸುತ್ತದೆ. ಕಡಿದ ಮೇಲೂ ಆ ಬಿಗಿತ ಬಿಡುವುದಿಲ್ಲ. ಒಣಗುವಾಗ ಎಳೆಯುತ್ತದೆ, ತಿರುಚುತ್ತದೆ. ಉಳಿ ತಾಗಿದರೆ ಮೇಲ್ಮೈ ನುಣ್ಣಗಾಗದೆ ನಾರುನಾರಾಗಿ ಏಳುತ್ತದೆ. ಬೊಡ್ಡೆಯ ಮರವಾದರೆ ಇಷ್ಟು ಕಾಟವಿಲ್ಲ. "ಬೊಡ್ಡೆದು ಮಾಡ್ಕೊಡ್ಲಾ ಅಂತ ಕೇಳ್ದೆ. ಬೇಡ ಅಂದ್ರು. ಸೊಟ್ಟ ಆದ್ರೆ ಆಗ್ಲಿ, ಕೊಂಬೆದೇ ಬೇಕು ಅಂದ್ರು. ಅವತ್ತೇ ಗೊತ್ತಾಯ್ತು, ಇವರಿಗೆ ಬೋಗುಣಿ ಬೇಕಾಗಿಲ್ಲ, ಕೊಂಬೆ ಬೇಕು."

ಮೊದಲು ಅಮ್ಮನ ತುಂಡು ಏರಿತು. ಅದನ್ನು ಮೇಸ್ತ್ರಿ ಒರಟಾಗಿ ಕಡೆದು ಕೆಳಗಿಳಿಸಿದರು. ಹಸಿಮರದಲ್ಲಿ ಬಾಯಿ ಎಷ್ಟು ಅಗಲವೋ ಅದರ ಹತ್ತನೇ ಒಂದು ಪಾಲು ಗೋಡೆ ದಪ್ಪ ಬಿಡಬೇಕೆಂದು ಲೆಕ್ಕ. 10 ಇಂಚಿನದಕ್ಕೆ 1 ಇಂಚು. ಅದನ್ನು ಅದರದೇ ಸುರುಳಿಯೊಳಗೆ ಹುಗಿದು ಚೀಲದಲ್ಲಿಟ್ಟು ನಿಧಾನ ಒಣಗಿಸಿ, ಆಗಾಗ ತೂಗಿ, ತೂಕ ಇಳಿಯುವುದು ನಿಂತ ಮೇಲೆ ಮತ್ತೆ ಲೇತಿಗೆ ಏರಿಸಿ ದುಂಡಗೆ ಮಾಡುತ್ತಾರೆ. ಮಳೆಗಾಲ ನಡುವೆ ಬರುವುದರಿಂದ ದೀಪಾವಳಿಯವರೆಗೆ ಕಾಯಬೇಕು. ಅಮ್ಮ ಕಾಯುತ್ತಾರಂತೆ. ಅವರಿಗೆ ಬೇಕಾದದ್ದು ಅಕ್ಕಿರೊಟ್ಟಿಯ ಹಿಟ್ಟು ನಾದುವ ಮರಿಗೆ; ಮೊದಲಿದ್ದುದು ಸೀಳಿ ಹೋಗಿ ವರ್ಷಗಳಾಗಿವೆ. ಬಿಸಿ ಹಿಟ್ಟು ಸ್ಟೀಲು ಪಾತ್ರೆಯಲ್ಲಿ ನಾದಿದರೆ ಪಾತ್ರೆಯೂ ಸುಡುತ್ತದೆ, ಮರ ಸುಡುವುದಿಲ್ಲ. ಸಮ ಅಂಚು, ದಪ್ಪ ಗೋಡೆ, ಅಲ್ಲಾಡದ ತಳ. ಅದಕ್ಕೆ ಬಣ್ಣ ಬೇಡ, ಮೆರುಗು ಬೇಡ. ಕೊಬ್ಬರಿ ಎಣ್ಣೆ ಸಾಕು.

ಮರಿಗೆ ಎಂಬ ಮಾತು ಇಂದಿನ ಅಡುಗೆಮನೆಯಿಂದ ಹೆಚ್ಚುಕಡಿಮೆ ಹೋಗಿಬಿಟ್ಟಿದೆ. ಗಿರಾಕಿಯ ರುಚಿ ಎಂದಾಗ ನಾವು ಪೇಟೆಯವರ ಹೊಸ ಬಯಕೆಗಳನ್ನೇ ನೆನೆಯುತ್ತೇವೆ. ಒಂದು ಪಾತ್ರೆಯನ್ನು ಕೈ ನೆನಪಿಟ್ಟುಕೊಂಡು ಅದೇ ಬೇಕೆಂದು ಕೇಳುವ ಈ ಅಮ್ಮನಷ್ಟು ಖಚಿತವಾದ ಗಿರಾಕಿಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ತಂಗಿಯ ತುಂಡಿಗೆ ಕಾಯುವ ಸಮಯವಿಲ್ಲ, ಕಾಯುವ ಅಗತ್ಯವೂ ಇಲ್ಲ. ತೊಗಟೆ ಅಂಚಿನದನ್ನು ಹಸಿಯಲ್ಲೇ ತೆಳ್ಳಗೆ ಒಂದೇ ಸಲಕ್ಕೆ ಕಡೆದು ಮುಗಿಸುತ್ತಾರೆ, ಆಮೇಲೆ ಅದು ತನಗೆ ಬೇಕಾದ ಹಾಗೆ ಬಾಗಲಿ ಎಂದು ಬಿಡುತ್ತಾರೆ. ಮರ ಉದ್ದಕ್ಕೆ ಕುಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ, ಅಡ್ಡಕ್ಕೆ ಹೆಚ್ಚು. ಹೀಗಾಗಿ ದುಂಡಗಿದ್ದ ಬಾಯಿ ಒಣಗುವಾಗ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಗೋಡೆ ಎಲ್ಲ ಕಡೆ ಒಂದೇ ದಪ್ಪವಿದ್ದರೆ ಸೀಳುವುದಿಲ್ಲ, ಬಾಗುತ್ತದೆ ಅಷ್ಟೆ.

ಆದರೆ ತೊಗಟೆ ಏಕೆ ಬೇಡ? ಕೊಂಬೆಯನ್ನು ಸೌದೆಗೆ ಹಾಕಬಾರದೆಂದು ಫೋನಿನಲ್ಲಿ ಮೊದಲು ಹಟ ಹಿಡಿದವರು ಈ ತಂಗಿಯೇ. ಕಾರಣ ಆಸ್ಟ್ರೇಲಿಯಾದ ಗಡಿ. ಅಲ್ಲಿಗೆ ಮರದ ಯಾವ ವಸ್ತು ಒಯ್ದರೂ ಇಳಿದಾಗಲೇ ತಿಳಿಸಬೇಕು. ತೊಗಟೆ ಅಂಟಿದ್ದರೆ ಒಳಗೆ ಬಿಡುವುದಿಲ್ಲ, ಏಕೆಂದರೆ ತೊಗಟೆಯಡಿ ಹುಳು, ಮೊಟ್ಟೆ, ಶಿಲೀಂಧ್ರ ಇರಬಹುದು. ಹಾಗಾಗಿ ತೊಗಟೆಯನ್ನು ಪೂರ್ತಿ ಕಳಚಬೇಕು, ಆದರೆ ಅಂಚಿನ ಏರಿಳಿತ ಉಳಿಯಬೇಕು, ಹಗ್ಗದ ಇಳಿತವೂ ಉಳಿಯಬೇಕು. ಹಗ್ಗ ಬರಿಯ ತೊಗಟೆ ಉಜ್ಜಿದ್ದರೆ ಇದು ಆಗುತ್ತಿರಲಿಲ್ಲ. ಎಷ್ಟೋ ವರ್ಷದ ಉಜ್ಜಾಟ ಮರಕ್ಕೇ ಇಳಿದಿದ್ದರಿಂದ ತೊಗಟೆ ಹೋದರೂ ಪಟ್ಟಿ ಹೋಗದು. ಮೇಸ್ತ್ರಿ ಬಿದಿರಿನ ಚೂಪು ಚಕ್ಕೆಯಿಂದ ಅದನ್ನು ಬಿಡಿಸುತ್ತಾ ಹೋದರು. ಕಬ್ಬಿಣ ಮುಟ್ಟಿಸಲಿಲ್ಲ, ಅಡಿಯ ಮರಕ್ಕೆ ಗೀರು ಬೀಳುತ್ತದೆಂದು. ತೊಗಟೆಯ ಕೆಳಗೆ ಎಳೆಯ ಬಿಳಿಮರ, ಕೈಯಾಡಿಸಿದರೆ ಸೋಪಿನಂತೆ ನುಣುಪು. ಸೊನೆ ಮಾತ್ರ ಬೆರಳಿಗೆ, ಉಳಿಗೆ, ಬಾಗಿಲ ಚಿಲಕಕ್ಕೆ, ಎಲ್ಲೆಡೆ ಅಂಟಿತ್ತು. ಹಲಸಿನ ಹಣ್ಣು ಬಿಡಿಸಿದವರಿಗೆ ಅದನ್ನು ಹೇಳಿಕೊಡಬೇಕಿಲ್ಲ; ಕಿಟಕಿಯ ಮೇಲೆ ಎಣ್ಣೆಯ ಬಟ್ಟಲು ಅದಕ್ಕೆಂದೇ ಇತ್ತು.

ಲೇತ್ ಶುರುವಾದಾಗ ಶಬ್ದ ಗಮನಿಸಿ ಎಂದರು. ದುಂಡು ಮರ ಕಡೆಯುವಾಗ ಒಂದೇ ಎಳೆಯ ಶಬ್ದ. ಇಲ್ಲಿ ಟಕ ಟಕ ಟಕ. ಅಂಚು ಏರಿಳಿದಿರುವುದರಿಂದ ಒಂದು ಸುತ್ತಿನಲ್ಲಿ ಎರಡು ಸಲ ಉಳಿಗೆ ಮರ ಸಿಗುತ್ತದೆ, ಎರಡು ಸಲ ಗಾಳಿ. ಗಾಳಿಯಲ್ಲಿ ಉಳಿ ಒಳಗೆ ಜಾರಲು ನೋಡುತ್ತದೆ, ಮರ ಬಂದು ಅದನ್ನು ಹೊಡೆಯುತ್ತದೆ. ಕೈ ಬಿಗಿ ಹಿಡಿದರೂ ಒತ್ತಬಾರದು. ಉಳಿಯ ಹಿಡಿಯನ್ನು ಸೊಂಟಕ್ಕೆ ಆನಿಸಿ, ಮೈಯನ್ನೇ ನಿಧಾನವಾಗಿ ಸರಿಸುತ್ತಾ ಹೋಗಬೇಕು. ಮೇಸ್ತ್ರಿಯ ತೋಳು ಅಲುಗಲೇ ಇಲ್ಲ, ಪಾದದಿಂದ ಪಾದಕ್ಕೆ ಭಾರ ಹೋಯಿತು.

ವೇಗ ಹೆಚ್ಚಿದಾಗ ಅಂಚು ಮಾಯವಾಯಿತು. ಗಟ್ಟಿಯಾಗಿ ಕಾಣುವ ಒಂದು ದುಂಡು, ಅದರ ಮೇಲೆ ಎರಡಂಗುಲ ಹೊಗೆಯಂಥ ನೆರಳು. ಆ ನೆರಳೇ ಬೋಗುಣಿಯ ಬಾಯಿ. ಕಣ್ಣಿಗೆ ಏನೂ ಇಲ್ಲ ಅನ್ನಿಸುವ ಜಾಗದಲ್ಲಿ ಮರ ನಿಮಿಷಕ್ಕೆ ನೂರಾರು ಸಲ ಹಾದುಹೋಗುತ್ತಿರುತ್ತದೆ. ಮೇಸ್ತ್ರಿಯ ಎಡಗೈ ಕಿರುಬೆರಳಿನ ಗೆಣ್ಣಿನ ಮೇಲೆ ಹಳೆಯ ಹೊಲಿಗೆ ಗುರುತಿದೆ. ಅಂಚನ್ನು ಮರಳು ಕಾಗದದಿಂದ ಉಜ್ಜುವುದು ಲೇತ್ ನಿಲ್ಲಿಸಿಯೇ, ಕೈಯಲ್ಲೇ.

ಒಳಗನ್ನು ತೋಡುವಾಗ ಮೊದಲು ಅಂಚಿನ ಹತ್ತಿರ ಬೇಕಾದ ತೆಳುವಿಗೆ ತಂದು, ಆಮೇಲೆ ಕೆಳಕೆಳಗೆ ಇಳಿಯುತ್ತಾರೆ. ಮತ್ತೆ ಮೇಲಕ್ಕೆ ಹೋಗುವಂತಿಲ್ಲ. ತೆಳುವಾದ ಹಸಿ ಗೋಡೆ ಕೆಲವೇ ನಿಮಿಷದಲ್ಲಿ ಬಾಗಲು ಶುರುಮಾಡುತ್ತದೆ. ತಿರುಗಿ ಉಳಿ ತಾಗಿಸಿದರೆ ಚೂರಾಗುತ್ತದೆ. ಹಿಂದುಗಡೆ ಒಂದು ಬಲ್ಬು ಹೊತ್ತಿಸಿದರು. ಗೋಡೆ 5–6 ಮಿಲಿಮೀಟರಿಗೆ ಇಳಿಯುತ್ತಿದ್ದಂತೆ ಬೆಳಕು ಮರದೊಳಗಿಂದ ಬಂತು. ಮೊದಲು ಇಟ್ಟಿಗೆ ಬಣ್ಣ, ತೆಳುವಾದಂತೆ ಜೇನಿನ ಬಣ್ಣ. ಎಲ್ಲಿ ದಪ್ಪ ಉಳಿದಿದೆ ಎಂದು ಅಳತೆಗೋಲು ಹೇಳುವ ಮೊದಲೇ ಬೆಳಕು ಹೇಳುತ್ತಿತ್ತು. ಬಿಗಿದ ಎಳೆಯಿದ್ದ ಕಡೆ ನಾರು ಎದ್ದಿತ್ತು, ಅಲ್ಲಿ ಉಳಿ ಮಸೆದು ತಂದು ಉಸಿರು ಹಿಡಿದು ಒಂದು ಗೀರು ಎಳೆದರು. ನಾನೂ ಉಸಿರು ಹಿಡಿದಿದ್ದೆ.

ಇದನ್ನೆಲ್ಲ ನೋಡುವಾಗ ಕನ್ನಡದ ಕಡೆ ಎಂಬ ಕ್ರಿಯಾಪದ ನೆನಪಾಯಿತು. ಮಜ್ಜಿಗೆ ಕಡೆಯುತ್ತೇವೆ, ಮರವನ್ನೂ ಕಡೆಯುತ್ತೇವೆ. ಹಗ್ಗ ಸುತ್ತಿ ಒಮ್ಮೆ ಈಚೆ ಒಮ್ಮೆ ಆಚೆ ಎಳೆಯುವ ಕಡೆಗೋಲೂ, ಕಮಾನಿನಿಂದ ಎಳೆದು ತಿರುಗಿಸುತ್ತಿದ್ದ ಹಳೆಯ ಕೈಲೇತೂ ಮಾಡುವುದು ಒಂದೇ ಚಲನೆ. ಈ ಜಿಲ್ಲೆಗೆ ಕಡೆತ ಹೊಸದೂ ಅಲ್ಲ. ಇಲ್ಲಿಂದ ಬೇಲೂರು ಅಷ್ಟೇನೂ ದೂರವಿಲ್ಲ. 12ನೇ ಶತಮಾನದ ಹೊಯ್ಸಳ ಗುಡಿಗಳ ದುಂಡು ಕಂಬಗಳ ಬಳೆ ಬಳೆಯಾದ ಮೈ, ಕಲ್ಲನ್ನೂ ತಿರುಗಿಸಿ ಕಡೆದದ್ದಕ್ಕೆ ಸಾಕ್ಷಿ ಎಂದು ಬಲ್ಲವರು ಹೇಳುತ್ತಾರೆ.

ಮೇಸ್ತ್ರಿ ಕಲಿತದ್ದು ಚನ್ನಪಟ್ಟಣದ ಕಡೆತ. ಬೆಂಗಳೂರಿನಿಂದ 60 ಕಿಲೋಮೀಟರ್ ದೂರದ ಆ ಊರಿನ ಗೊಂಬೆಗೆ ಭೌಗೋಳಿಕ ಗುರುತು ಸಿಕ್ಕಿದೆ. ಅಲ್ಲಿನ ಮರ ಆಲೆಮರ. ಬೆಳ್ಳಗೆ, ಎಳೆ ಕಾಣದಷ್ಟು ನಯ. ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ, ತಾಳೆಯ ಓಲೆಯಿಂದ ಒತ್ತಿ ಮೆರುಗು ತರುತ್ತಾರೆ. ಅಲ್ಲಿ ಮರ ಬಣ್ಣವನ್ನು ಹೊತ್ತು ಕೂರಬೇಕು, ತಾನು ಕಾಣಬಾರದು. ಇಲ್ಲಿ ಮರವೇ ಕಾಣಬೇಕು, ಗಂಟು ಸಹಿತ. ಇಪ್ಪತ್ತು ವರ್ಷ ಒಂದೇ ಅಳತೆಯ ಸಾವಿರ ತುಂಡು ಮಾಡಿದ ಕೈಗೆ ಇದು ಕಷ್ಟವಾಗಲಿಲ್ಲವೇ ಎಂದು ಕೇಳಿದೆ. "ಕೈಗೆ ಕಷ್ಟ ಆಗ್ಲಿಲ್ಲ. ಕಣ್ಣಿಗೆ ಆಯ್ತು. ಮೊದಲ್ನೇ ವರ್ಷ ಅಂಚು ಕಂಡ್ರೆ ಸಮ ಮಾಡೋಣ ಅನ್ಸೋದು."

ಪಡುವಣ ದೇಶಗಳ ಕಡೆತಗಾರರಿಗೂ ಹಾಗೇ ಅನ್ನಿಸಿದ್ದ ಕಾಲವಿತ್ತು. ಕೈಗಾರಿಕೆಗೆ ಬೇಡವಾದ, ಗಂಟು ಬಿದ್ದ, ತೊಗಟೆ ಹತ್ತಿದ ತುಂಡುಗಳನ್ನೇ ಎತ್ತಿಕೊಂಡು ಅಮೆರಿಕದ ಕೆಂಟಕಿಯ ರೂಡ್ ಓಸೊಲ್ನಿಕ್‌ನಂಥವರು ಕಳೆದ ಶತಮಾನದ ನಡುಭಾಗದಲ್ಲಿ ಬೋಗುಣಿ ಕಡೆದರು. ದೋಷವೆಂದು ಕಳೆಯುತ್ತಿದ್ದದ್ದು ನೋಡುವ ವಸ್ತುವಾಯಿತು. ಮರಗೆಲಸದಲ್ಲಿ ಕುಯ್ಯದ ಅಂಚಿಗೆ ಮರ್ಯಾದೆ ತಂದುಕೊಟ್ಟವರಲ್ಲಿ ಜಾರ್ಜ್ ನಕಾಶಿಮಾ ದೊಡ್ಡ ಹೆಸರು. ಅಮೆರಿಕದಲ್ಲಿ ಹುಟ್ಟಿದ ಈ ಜಪಾನಿ ಮೂಲದ ಕುಶಲಿ 1930ರ ದಶಕದ ಕೊನೆಯಲ್ಲಿ ಪುದುಚೇರಿಗೆ ಬಂದು, ಅರವಿಂದಾಶ್ರಮದ ಗೋಲ್ಕೊಂಡೆ ಕಟ್ಟಡದ ಕೆಲಸದಲ್ಲಿ ದುಡಿದು, ಸುಂದರಾನಂದ ಎಂಬ ಹೆಸರು ಪಡೆದವರು. ಮೇಸ್ತ್ರಿಗೆ ಈ ಹೆಸರುಗಳು ಬೇಕಾಗಿಲ್ಲ. ಅವರನ್ನು ಈ ಕೆಲಸಕ್ಕೆ ಎಳೆದದ್ದು ಒಬ್ಬ ಹೋಮ್‌ಸ್ಟೇ ಅತಿಥಿ ಮೊಬೈಲಿನಲ್ಲಿ ತೋರಿಸಿದ ಒಂದು ಚಿತ್ರ.

ಗೋಡೆಯ ಅಟ್ಟಣಿಗೆಯಲ್ಲಿ ಬೇರೆ ಗಿರಾಕಿಗಳವು ಒಣಗುತ್ತಿದ್ದವು. ಹೆಚ್ಚು ಕೇಳುವುದು ಮಳೆಮರ. ಬೆಂಗಳೂರಿನ ಹಳೆಯ ರಸ್ತೆಗಳಿಗೆ ಚಪ್ಪರ ಹಾಕಿರುವ ಮರವೇ ಅದು, ಮೂಲ ಅಮೆರಿಕ ಖಂಡದ್ದು. ಚೇಗು ಕಡುಗಂದು, ಸುತ್ತ ಕೆನೆಬಣ್ಣದ ಪಟ್ಟಿ, ಅದರ ಮೇಲೆ ಕಪ್ಪು ತೊಗಟೆ. ಮೂರು ಬಣ್ಣ ತಾನಾಗಿ ಬರುತ್ತದೆ. ಒಣಗುವಾಗ ಕುಗ್ಗುವುದೂ ಕಡಿಮೆ. ಹವಾಯಿ ದ್ವೀಪಗಳಲ್ಲಿ ಪ್ರವಾಸಿಗಳಿಗೆಂದು ಇದೇ ಮರದ ಬಟ್ಟಲುಗಳನ್ನು ದಶಕಗಳ ಕಾಲ ಮಾಡಿದ್ದಾರೆ. ತೋಟಗಳಲ್ಲಿ ನೆರಳಿಗೂ ಮೆಣಸಿನ ಬಳ್ಳಿಗೂ ನೆಟ್ಟ ಸಿಲ್ವರ್ ಓಕ್ ಸುಲಭವಾಗಿ ಸಿಗುತ್ತದೆ, 1976ರ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿ ಅದನ್ನು ಕಡಿಯಲು ವಿನಾಯಿತಿಯಿದೆ. ಬಲೆ ಹೆಣೆದಂಥ ಅದರ ಹೊಳಪಿನ ಚುಕ್ಕೆಗಳನ್ನು ಇಷ್ಟಪಡುವವರು ಬೇರೆಯೇ ಜನ. ಅದನ್ನು ಕಡೆದ ದಿನ ಮೇಸ್ತ್ರಿಯ ಮುಂಗೈ ತುರಿಸುತ್ತದೆ. ಕೆಲವರ ಚರ್ಮಕ್ಕೆ ಆ ಮರ ಆಗುವುದಿಲ್ಲ. ಬೀಟೆ, ತೇಗ, ಶ್ರೀಗಂಧ ಕೇಳಿ ಬಂದವರನ್ನು ಕೂರಿಸಿ ಕಾಫಿ ಕೊಟ್ಟು ಕಳಿಸುತ್ತಾರೆ.

ಗಿರಾಕಿ ಬಂದರೆ ಮೇಸ್ತ್ರಿ ಏನು ಬೇಕೆಂದು ಮೊದಲು ಕೇಳುವುದಿಲ್ಲ. ಎಲ್ಲಿಡುತ್ತೀರಿ, ಯಾರು ತೊಳೆಯುತ್ತಾರೆ, ಮನೆಯಲ್ಲಿ ಎಸಿ ಇದೆಯೇ, ಇಷ್ಟೇ ಕೇಳುತ್ತಾರೆ. ಆಮೇಲೆ ಅಟ್ಟಣಿಗೆಯಿಂದ ನಾಲ್ಕು ತೆಗೆದು ಕೈಗೆ ಕೊಟ್ಟು ಸುಮ್ಮನಾಗುತ್ತಾರೆ. ಜನ ಬಾಯಲ್ಲಿ ತೆಳ್ಳಗಿನದು ಬೇಕೆಂದು ಹೇಳಿ, ಕೈಯಲ್ಲಿ ಭಾರದ್ದನ್ನೇ ಹಿಡಿದುಕೊಂಡಿರುತ್ತಾರಂತೆ. ಕೈ ಬಿಡದ್ದನ್ನು ನೋಡಿಕೊಂಡು ಅಂಥದ್ದು ಮಾಡುತ್ತಾರೆ. ಸಿಂಕಿನಲ್ಲಿ ನೆನೆಹಾಕುವ ಮನೆಯೆಂದು ಗೊತ್ತಾದರೆ ತೊಗಟೆಯದನ್ನು ಕೊಡುವುದೇ ಇಲ್ಲ.

ತೊಗಟೆಯದಕ್ಕೆ ಎಚ್ಚರ ಬೇಕೆಂದು ನನ್ನ ಅನುಭವವೂ ಹೇಳುತ್ತದೆ. ಕೆಲವು ವರ್ಷದ ಹಿಂದೆ ಒಂದು ಮೇಳದಲ್ಲಿ ಮಾವಿನ ಮರದ ತೊಗಟೆ ಅಂಚಿನ ಬೋಗುಣಿ ಕೊಂಡಿದ್ದೆ. ಕನ್ನಡಿಯಂಥ ಪ್ಲಾಸ್ಟಿಕ್ ಮೆರುಗು. ನಾಲ್ಕು ತಿಂಗಳಿಗೆ ಅದರಡಿಯ ಮೇಜಿನ ಮೇಲೆ ರವೆಯಂಥ ಪುಡಿ ಬೀಳತೊಡಗಿತು. ಕುಟ್ಟೆಹುಳಕ್ಕೆ ಇಷ್ಟವಾಗುವುದು ಪಿಷ್ಟ ತುಂಬಿದ ಬಿಳಿಮರ. ತೊಗಟೆ ಅಂಚಿನ ಬೋಗುಣಿಯಲ್ಲಿ ಉಳಿಸಿಕೊಳ್ಳುವುದೂ ಅದನ್ನೇ. ಮರವನ್ನು ಮೊದಲೇ ಬೋರಿಕ್ ದ್ರಾವಣದಲ್ಲಿ ಅದ್ದಿಲ್ಲ, ಸಾಕಷ್ಟು ಒಣಗಿಸಿಲ್ಲ, ಮೇಲೆ ಮೆರುಗು ಹಾಕಿ ಮುಚ್ಚಿದ್ದರು. ಆ ಬೋಗುಣಿಯನ್ನು ಒಲೆಗೆ ಹಾಕಿದ ದಿನ ನನಗೆ ಬೇಸರವಾದದ್ದು ಹಣಕ್ಕಲ್ಲ, ಅಷ್ಟು ಚೆಂದದ ಅಂಚಿಗೆ. ಮೇಸ್ತ್ರಿ ನೋಡಲು ಇಡುವಂಥದ್ದನ್ನು ಬೋರಿಕ್ ನೀರಿಗೆ ಹಾಕುತ್ತಾರೆ, ತಿನ್ನುವ ಪದಾರ್ಥ ಇಡುವಂಥದ್ದಕ್ಕೆ ಬಿಳಿಮರವನ್ನೇ ಕಡೆದು ತೆಗೆಯುತ್ತಾರೆ. ಮೇಲೆ ಅಗಸೆ ಎಣ್ಣೆ. ಅದು ಗಾಳಿಗೆ ಗಟ್ಟಿಯಾಗುವ ಎಣ್ಣೆ. ಒರೆಸಿದ ಬಟ್ಟೆಯನ್ನು ಮುದುರಿ ಬಿಟ್ಟರೆ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಲ್ಲದು. ಬೇಲಿಯ ಮೇಲೆ ಒಂದೊಂದಾಗಿ ಹರಡಿದ ಚಿಂದಿಗಳ ಅರ್ಥ ಆಗ ತಿಳಿಯಿತು.

ಮಧ್ಯಾಹ್ನ ಅಮ್ಮ, ಮಗ ಜೀಪಿನಲ್ಲಿ ಬಂದರು. ಅಮ್ಮ ತಮ್ಮ ಒರಟು ಮರಿಗೆಯನ್ನು ಗೆಣ್ಣಿನಿಂದ ಕುಟ್ಟಿ ನೋಡಿದರು, ತಳಕ್ಕೆ ಅಂಗೈ ಇಟ್ಟರು, ಒಪ್ಪಿಗೆ ಎಂಬಂತೆ ಪಕ್ಕಕ್ಕಿಟ್ಟರು. ಮಗಳ ಬೋಗುಣಿ ತೋರಿಸಿದಾಗ ಸ್ವಲ್ಪ ಹೊತ್ತು ಮಾತಿಲ್ಲ. "ಅಂಚು ಒಡೆದ ಹಾಗಿದೆಯಲ್ಲ" ಎಂದರು. ನಮ್ಮ ಮನೆಗಳಲ್ಲಿ ಬಾಯಿ ಒಡೆದ ಪಾತ್ರೆಯನ್ನು ಇಟ್ಟುಕೊಳ್ಳುವುದಿಲ್ಲ. ಆ ಮಾತಿನಲ್ಲಿ ಕಾಳಜಿಯೇ ಇತ್ತು. ಮೇಸ್ತ್ರಿ ವಾದ ಮಾಡಲಿಲ್ಲ. ಬೋಗುಣಿಯನ್ನು ಅವರ ಕೈಯಲ್ಲೇ ಅರ್ಧ ಸುತ್ತು ತಿರುಗಿಸಿ ಇಳಿತದ ಜಾಗ ಎದುರಿಗೆ ಬರುವಂತೆ ಮಾಡಿದರು. ಅಮ್ಮ ಹೆಬ್ಬೆರಳು ಅಲ್ಲಿ ಇಟ್ಟರು. "ಈ ಕಡೆ ಹಗ್ಗ ಸಡಿಲ, ಯಾವಾಗಲೂ ಜಾರೋದು" ಎಂದರು ಮಗನಿಗೆ. ಮಗ ಅದು ಇನ್ನೊಂದು ಕಡೆಯದು ಎಂದರು. ಇಬ್ಬರೂ ಅದೇ ಮಾತಾಡುತ್ತಾ ಹೊರಟರು.

ಅಣ್ಣನ ತುಂಡು ಕಡೆಯಲು ನಿಂತಾಗ ಮೂರೂವರೆ ದಾಟಿತ್ತು. ತೊಗಟೆ ಉಳಿಸಬೇಕಾದ್ದರಿಂದ ಇದೇ ಎಲ್ಲಕ್ಕಿಂತ ಕಷ್ಟದ್ದು. ಮೊದಲು ಅಂಚಿನ ಸುತ್ತ ಕರಗಿಸಿದ ಅರಗು ಹಚ್ಚಿದರು. ಚನ್ನಪಟ್ಟಣ ಬಿಟ್ಟರೂ ಅರಗು ಬಿಟ್ಟಿಲ್ಲ. ಆಮೇಲೆ ತೊಗಟೆ ಮತ್ತು ಮರದ ಸಂದಿಗೆ ನೀರಿನಂತೆ ಹರಿಯುವ ಸೂಪರ್ ಗ್ಲೂ ಬಿಟ್ಟರು. ಅರಗು ಇಲ್ಲದಿದ್ದರೆ ಗ್ಲೂ ಬಿಳಿಮರಕ್ಕೆ ಇಳಿದು ಕಲೆಯಾಗುತ್ತದೆ. ಉಳಿಯನ್ನು ತೊಗಟೆಯ ಕಡೆಯಿಂದ ಮರದ ಕಡೆಗೆ ನಡೆಸಿದರು. ಮರದಿಂದ ತೊಗಟೆಯತ್ತ ಹೋದರೆ ಹಿಂದೆ ಆಸರೆಯಿಲ್ಲದೆ ತೊಗಟೆ ಹಾರಿಹೋಗುತ್ತದೆ. ಹೊರಮೈ ಮುಗಿಯಿತು. ಒಳಗೆ ಅರ್ಧ ಇಳಿದಿತ್ತು. ಟಕ ಟಕದ ನಡುವೆ ಒಂದು ಬೇರೆ ಸದ್ದು ಬಂತು, ಹುರಿಗಡಲೆ ಮುರಿದಷ್ಟು ಸಣ್ಣದು. ಮೇಸ್ತ್ರಿಯ ಕೈ ಆಗಲೇ ಸ್ವಿಚ್ಚಿನ ಮೇಲಿತ್ತು.

ಲೇತ್ ನಿಂತಾಗ ನೆರಳು ಮತ್ತೆ ಅಂಚಾಯಿತು. ಹಗ್ಗದ ಪಟ್ಟಿಯ ಒಂದು ಮಗ್ಗುಲಲ್ಲಿ, ಮರ ತುಟಿಯಂತೆ ಬೆಳೆದಿದ್ದ ಕಡೆ, ಉಗುರಿನಷ್ಟು ತೊಗಟೆ ಇಲ್ಲ. ಬೇರೆ ತೊಗಟೆ ಅಲ್ಲಿ ಕೂರಿಸಬಹುದು, ಕೊರಡಿನ ಉಳಿದ ಭಾಗದಲ್ಲಿ ಬೇಕಾದಷ್ಟಿದೆ, ಯಾರಿಗೂ ತಿಳಿಯುವುದಿಲ್ಲ ಎಂದು ನಾನು ಹೇಳಬೇಕೆಂದಿದ್ದೆ. ಅಷ್ಟರಲ್ಲಿ ಮೇಸ್ತ್ರಿ ಮಂಡಿಯೂರಿ ಸುರುಳಿ ಸರಿಸತೊಡಗಿದ್ದರು. ನಾನೂ ಕೂತೆ. ಬೆಳಗಿನಿಂದ ಬಿದ್ದ ಮೂರು ಬೋಗುಣಿಯ ಸುರುಳಿ, ಎಲ್ಲ ಒಂದೇ ಬಣ್ಣ, ಒಂದೇ ಒದ್ದೆ. ಲೇತಿನ ಕಾಲಿನಿಂದ ಬಾಗಿಲವರೆಗೆ ಹಿಡಿ ಹಿಡಿ ಎತ್ತಿ ಬಟ್ಟೆಯ ಮೇಲೆ ಬಿಡಿಸಿ ನೋಡಿದೆವು. ಎರಡು ಸಲ ಸಿಕ್ಕಿತೆಂದುಕೊಂಡದ್ದು ಬೇರೆ ಚೂರು. ಅದರಲ್ಲಿ ಹಗ್ಗ ಉಜ್ಜಿದ ನುಣುಪಿರಲಿಲ್ಲ. ಹೊರಗೆ ಬಿಸಿಲು ಸಿಲ್ವರ್ ಓಕಿನ ತುದಿಗೆ ಏರಿತ್ತು.

ಕೊನೆಗೆ ಅದು ಸಿಕ್ಕಿದ್ದು ಮೇಸ್ತ್ರಿಯ ಮಡಿಚಿದ ಅಂಗಿ ತೋಳಿನ ಒಳಗೆ. ಎರಡು ಬೆರಳಲ್ಲಿ ಹಿಡಿದು ಕಿಟಕಿಯ ಬೆಳಕಿಗೆ ತೋರಿಸಿದರು: ಒಂದು ಬದಿ ಒರಟು, ಒಂದು ಬದಿ ಸವೆದು ನುಣುಪು. ಅರಗು ಮುಟ್ಟಿಸಿ, ಗ್ಲೂ ಒಂದು ತೊಟ್ಟು ಬಿಟ್ಟು, ಅದು ಇದ್ದ ಜಾಗಕ್ಕೆ ಕೂರಿಸಿ ಹೆಬ್ಬೆರಳಿನಿಂದ ಒತ್ತಿ ನಿಂತರು. ಬೆರಳು ತೆಗೆದ ಮೇಲೂ ಸ್ವಲ್ಪ ಹೊತ್ತು ನೋಡಿದರು. "ಇವತ್ತು ಇಷ್ಟು ಸಾಕು" ಎಂದು ಬೋಗುಣಿಗೆ ಒದ್ದೆ ಬಟ್ಟೆ ಸುತ್ತಿ, ಲೇತಿನ ಮೇಲೇ ಬಿಟ್ಟು, ದೀಪ ಆರಿಸಿದರು.